ನಾಲ್ಕು ತಾಲೂಕು ತಿರುಗಿದ ಪೇಟಾ

ಸವಣೂರಿನ ಮುಮ್ತಾಜಬೇಗಂಳ ಪಡಸಾಲೆಯಲ್ಲಿ ಮೂರು ತಾಮ್ರದ ತಪೇಲಿಗಳು ಸದಾ ಬೋರಲು ಬಿದ್ದಿರುತ್ತವೆ. ಅವು ಅಡಿಗೆಗಲ್ಲ, ಪೇಟಾ ಕಟ್ಟುವುದಕ್ಕೆ. ಸಣ್ಣದು ಮಾಸ್ತರರದು, ನಡುವಿನದು ಆಫೀಸರರದು, ದೊಡ್ಡದು ಕಂತ್ರಾಟದಾರರದು. ಯಾರಿಗೆ ಸತ್ಕಾರ ಎಂದು ಹೇಳಿದರೆ ಸಾಕು, ತಲೆ ನೋಡದೆಯೇ ತಪೇಲಿ ಆರಿಸುತ್ತಾಳೆ.

ಮೊದಲು ಈ ಕೆಲಸ ಅವಳ ಗಂಡ ಮಜೀದನದಾಗಿತ್ತು. ಅವನ ಕೈ ನಡುಗಲು ಹತ್ತಿದ ಮೇಲೆ ಮನೆಯೊಳಗೆ ಇವಳು ಕಟ್ಟುವಳು, ಹೊರಗೆ ಅವನು ಒಯ್ದು ಕೊಡುವನು. ಅವನು ತೀರಿಕೊಂಡ ಮೇಲೆ ಬಜೆಟ್ ಆಫೀಸಿನ ಜವಾನ ಬಸವಣ್ಣೆಪ್ಪ ಬಾಗಿಲಲ್ಲಿ ನಿಂತು, "ಇನ್ನ ನಮ್ಮ ಸಾಹೇಬ್ರ ತಲಿಗೆ ಗತಿ ಯಾರು, ಚಾಚಿ?" ಎಂದು ಅತ್ತಿದ್ದ. "ಮೊದಲೂ ನಾನ, ಈಗೂ ನಾನ. ಅಳಬ್ಯಾಡ, ಅಳತಿ ಹೇಳು" ಎಂದಿದ್ದಳು.

ಪೇಟಾದ ಜೊತೆಗೆ ಒಂದು ನೇಮವನ್ನೂ ಅವಳು ಕೊಡುತ್ತಿದ್ದಳು. ತಲೆಗೆ ಇಟ್ಟೊಡನೆ ಸಭೆಗೆಲ್ಲ ಕೇಳುವಂತೆ ಹೇಳುವಳು: "ಇದು ಮಾನದ ವಸ್ತು. ಬ್ಯಾರೇದವ್ರು ಕೈ ಹಚ್ಚಬಾರದು. ಇಟ್ಕೊಂಡಾವನ ಕೈಲೇನ ಇಳೀಬೇಕು." ಆ ಮಾತಿಗೆ ಚಪ್ಪಾಳೆ ಬೀಳುತ್ತಿತ್ತು. ಫೋಟೋ ಆದೊಡನೆ ಸತ್ಕಾರಗೊಂಡವನು ತಾನೇ ಇಳಿಸಿ ಕೊಡುತ್ತಿದ್ದ. ಇಷ್ಟು ವರ್ಷ ಒಬ್ಬನೂ ಹಟ ಮಾಡಿರಲಿಲ್ಲ.

ಬಜೆಟ್ ಆಫೀಸೆಂದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಸರಕಾರಿ ಖರ್ಚಿಗೆಲ್ಲ ಲಗಾಮು ಹಿಡಿಯುವ ಕಚೇರಿ. ಅದರ ಮುಖ್ಯಸ್ಥರು ಮಾಸೂರಿನ ಶಂಭುಲಿಂಗ ಸಾಹೇಬರು. ಏನು ಕೇಳಿದರೂ "ಪರಿಶೀಲಿಸಿ ತಿಳಿಸಲಾಗುವುದು" ಎಂಬುದೊಂದೇ ಉತ್ತರ. ಊಟ ಆಯಿತೇ ಎಂದರೂ ಅದೇ. ಆಫೀಸಿಗೊಂದು ಸ್ವಂತ ಪೇಟಾ ಕೊಳ್ಳೋಣವೆಂದು ಒಮ್ಮೆ ಯಾರೋ ಬರೆದಾಗ, "ತಲೆ ಬದಲಾಗುತ್ತದೆ, ಪೇಟಾ ಬದಲಾಗಬೇಕಾಗಿಲ್ಲ, ಬಾಡಿಗೆ ಸಾಕು" ಎಂದು ಷರಾ ಹೊಡೆದವರೂ ಅವರೇ.

ಈಗ ಅವರದೇ ನಿವೃತ್ತಿ. ಅವರ ಜಾಗಕ್ಕೆ ಸುಧಾರಾಣಿ ಎಂಬ ಮೇಡಮ್ ಬಂದಿದ್ದರು. ಬೀಳ್ಕೊಡುವ ದಿನ ಮುಂಜಾನೆ ಬಸವಣ್ಣೆಪ್ಪ ಓಡುತ್ತ ಬಂದ. ಬಾಡಿಗೆಯ ಪೇಟಾ ಹತ್ತಿಮತ್ತೂರಿನ ಸಭೆಯೊಂದಕ್ಕೆ ಹೋದದ್ದು ಇನ್ನೂ ಹಿಂದಿರುಗಿರಲಿಲ್ಲ. ಮನೆಯಲ್ಲಿ ಉಳಿದದ್ದು ಒಂದೇ: ಮಜೀದ ತನ್ನ ನಿಕಾಹಕ್ಕೆ ಸುತ್ತಿಕೊಂಡಿದ್ದ ಜರಿಯಂಚಿನ ರೇಶಿಮೆ ಪೇಟಾ. "ನನ್ನ ಸುಹಾನಾಳ ಮದುಮಗನ ತಲಿಗೂ ಇದ ಇರ್ಲಿ" ಎಂದು ಹೇಳಿ ಅವನು ಕಣ್ಣು ಮುಚ್ಚಿದ್ದ. ಮೊಮ್ಮಗಳು ಸುಹಾನಾಳ ನಿಕಾಹ ಮರುದಿನವೇ ಇತ್ತು.

"ದಾದಿ, ಅದನ್ನ ಕೊಡಬ್ಯಾಡ" ಎಂದಳು ಸುಹಾನಾ.

"ಅರ್ಧ ತಾಸಿನ ಮಾತು. ಫೋಟೋ ಆದ ಕೂಡ್ಲೆ ತರ್ತೇನಿ" ಎಂದು ಮುಮ್ತಾಜಬೇಗಂ ನಡುವಿನ ತಪೇಲಿಯ ಮೇಲೆ ಪೇಟಾ ಕಟ್ಟಿ ತಾನೇ ಒಯ್ದಳು.

ಸಭೆಯಲ್ಲಿ ಶಾಲು ಹೊದಿಸಿದರು, ಹಾರ ಹಾಕಿದರು, ಪೇಟಾ ಇಟ್ಟರು. ಅವಳು ವಾಡಿಕೆಯಂತೆ ನೇಮ ಹೇಳಿದಳು, ಚಪ್ಪಾಳೆಯೂ ಬಿತ್ತು. ಫೋಟೋ ಆಯಿತು. ಶಂಭುಲಿಂಗ ಸಾಹೇಬರು ಎದ್ದು ಕುರ್ಚಿ ಬಿಟ್ಟುಕೊಟ್ಟರು, ಬೀಗದ ಕೈ ಕೊಟ್ಟರು, ಸಹಿ ಹಾಕಿದರು. ಪೇಟಾ ಮಾತ್ರ ಇಳಿಸಲಿಲ್ಲ.

"ಸಾಹೇಬ್ರ, ಪೇಟಾ..." ಎಂದ ಬಸವಣ್ಣೆಪ್ಪ.

"ಇನ್ನ ಮೂರು ತಾಲೂಕಿನ್ಯಾಗ ಸತ್ಕಾರ ಅದಾವು. ಮೂರು ಸಲ ಬಾಡಿಗಿ ಯಾಕ? ಒಂದ ಪೇಟಾದಾಗ ನಾಕೂ ಮುಗಸೋಣ. ಸರಕಾರಕ್ಕ ಉಳಿತಾಯ."

ಮುಮ್ತಾಜಬೇಗಂ ಒಂದು ಹೆಜ್ಜೆ ಮುಂದಿಟ್ಟಳು. ಹೋಗಿ ಕಿತ್ತುಕೊಳ್ಳೋಣವೆಂದರೆ ಈಗ ತಾನೇ ಸಾರಿದ ನೇಮ ಅಡ್ಡ ಬಂತು. ಹೊಸ ಮೇಡಮ್ಮನ ಮುಂದೆ ಕೈಮುಗಿದಳು. ಸುಧಾರಾಣಿ ಮೇಡಮ್ ಕುರ್ಚಿಯಲ್ಲಿ ಕುಳಿತು ಯೋಚಿಸಿ ಹೇಳಿದರು: "ಚಾರ್ಜ್ ತಗೊಂಡೇನಿ ಖರೆ ಅಮ್ಮಾ. ಆದ್ರ ಆ ಪೇಟಾ ನನ್ನ ಚಾರ್ಜಿನ್ಯಾಗ ಬಂದಿಲ್ಲ."

ಇನ್ನೇನು ಮಾಡುವುದು? ಪೇಟಾ ಜೀಪಿನ ಮುಂದಿನ ಸೀಟಿನಲ್ಲಿ ಹೊರಟಿತು. ಹಿಂದಿನ ಸೀಟಿನಲ್ಲಿ ಇವಳು ಹತ್ತಿ ಕುಳಿತಳು, ಪಕ್ಕದಲ್ಲಿ ಬಸವಣ್ಣೆಪ್ಪ.

ಶಿಗ್ಗಾಂವಿಯಲ್ಲಿ ವೇದಿಕೆಯ ಮೇಲಿನವರು ತಬ್ಬಿಬ್ಬಾದರು. ಪೇಟಾ ಹಾಕಬೇಕಾದ ತಲೆ ಪೇಟಾ ಹಾಕಿಕೊಂಡೇ ಇಳಿದಿತ್ತು. "ಇದ ನಿಮ್ಮದ ಅಂತ ತಿಳ್ಕೊರ್ರಿ" ಎಂದರು ಸಾಹೇಬರು. ಅವರೂ ಹಾಗೆಯೇ ತಿಳಿದುಕೊಂಡು, ಬರಿಗೈಯನ್ನು ಪೇಟಾದ ಸುತ್ತ ಆಡಿಸಿ ಫೋಟೋ ತೆಗೆಸಿಕೊಂಡರು.

ಹಾನಗಲ್ಲಿನಲ್ಲಿ ಇನ್ನೂ ಚೆಂದವಾಯಿತು. ಜೀಪಿನಿಂದ ಇಳಿದ ಮುಮ್ತಾಜಬೇಗಂಳನ್ನು ಸಾಹೇಬರ ಮನೆಯವರೆಂದೇ ಬಗೆದು ವೇದಿಕೆಗೆ ಹತ್ತಿಸಿ, ಕೊರಳಿಗೆ ಸೇವಂತಿಗೆ ಹಾರ ಹಾಕಿದರು.

"ಸಾಹೇಬ್ರ ಸೇವಾದಾಗ ನಿಮ್ಮ ತ್ಯಾಗ ಭಾಳ ದೊಡ್ಡದ್ರಿ, ಅಕ್ಕಾರ" ಎಂದ ಮೈಕು ಹಿಡಿದವನು.

"ತ್ಯಾಗ ಇನ್ನೂ ಮಾಡಿಲ್ಲಪಾ. ಅಲ್ಲಿ ತಲಿ ಮ್ಯಾಲ ಕುಂತೈತಿ ನೋಡು" ಎಂದಳು. ಜನ ಅದನ್ನೇನೋ ದೊಡ್ಡ ಮಾತೆಂದು ತಿಳಿದು ಮತ್ತೊಮ್ಮೆ ಚಪ್ಪಾಳೆ ಹೊಡೆದರು.

ಹಿರೇಕೆರೂರಿನ ದಾರಿಯಲ್ಲಿ ಬಸವಣ್ಣೆಪ್ಪ ಒಂದು ಹಂಚಿಕೆ ಹಾಕಿದ. "ಸಾಹೇಬ್ರ, ಸೆಕಿ ಭಾಳ ಐತ್ರಿ. ನೆತ್ತಿಗೆ ಚೂರು ಗಾಳಿ ಆಡ್ಲಿ."

"ಪರಿಶೀಲಿಸೋಣ" ಎಂದರು ಸಾಹೇಬರು. ಬೆವರು ಪೇಟಾದಿಂದ ಇಳಿದು ಹುಬ್ಬಿಗೆ ಬಂದಿತ್ತು.

ಅಲ್ಲಿಯ ಸತ್ಕಾರ ಮುಗಿದು ಜೀಪು ಮಾಸೂರಿಗೆ ಮುಟ್ಟುವಾಗ ಹೊತ್ತು ಇಳಿದಿತ್ತು. ಮನೆಗಾದರೂ ಹೋದಮೇಲೆ ಇಳಿಸಲೇಬೇಕಲ್ಲ, ತಲಬಾಗಿಲು ಗಿಡ್ಡದಿದೆ ಎಂದು ಬಸವಣ್ಣೆಪ್ಪ ಧೈರ್ಯ ಹೇಳಿದ್ದ. ಸಾಹೇಬರು ಬಾಗಿಲನ್ನು ನೋಡಿದರು, ಮೇಲಿನ ಪಟ್ಟಿಯನ್ನು ನೋಡಿದರು, ಹೊರಗಿನ ಕಟ್ಟೆಯ ಮೇಲೆಯೇ ಕುಳಿತುಬಿಟ್ಟರು. ಅವರ ಹೆಂಡತಿ ದಾನವ್ವ ಅಲ್ಲಿಗೇ ಚಹಾ ತಂದುಕೊಟ್ಟಳು. ಅವಳ ಕಣ್ಣು ಮುಮ್ತಾಜಬೇಗಂಳ ಕೊರಳ ಹಾರದ ಮೇಲೆ ನೆಟ್ಟಿತು.

"ಇದು ನಿಮಗ ಬರಬೇಕಾದ ಹಾರ, ತಂಗಿ" ಎಂದು ಮುಮ್ತಾಜಬೇಗಂ ಅದನ್ನು ತೆಗೆದು ಅವಳ ಕೊರಳಿಗೆ ಹಾಕಿದಳು. ದಾನವ್ವ ಒಳಗೆ ಕರೆದೊಯ್ದಾಗ ಅವಳಿಗೆ ಪೇಟಾದ ಕಥೆಯನ್ನೂ, ನಾಳಿನ ನಿಕಾಹವನ್ನೂ ಹೇಳಿದಳು.

ದಾನವ್ವ ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. "ಉಳಿತಾಯ ಅಲ್ಲಬೇ ಅದು. ಅಂಜಿಕಿ. ಅದನ್ನ ಇಳಿಸಿದ್ರ ನಾಳೆ ಎದ್ದು ಎಲ್ಲಿಗೆ ಹೋಗಬೇಕು ಅನ್ನೂದು ಅವರಿಗೆ ತಿಳೀವಲ್ದು. ನಾನೂ ಹ್ಯಾಂಗ ಕೈ ಹಚ್ಚಲಿ? ನೀವ ನೇಮ ಮಾಡೀರಿ."

ಮುಮ್ತಾಜಬೇಗಂ ಚಹಾ ಮುಗಿಯುವತನಕ ಕುಳಿತು ಯೋಚಿಸಿದಳು. ಪೇಟಾ ತಾನಾಗಿ ಬರುವುದಿಲ್ಲವೆಂದರೆ ತಲೆಯನ್ನೇ ಕರೆಸಬೇಕು. ಹೊರಗೆ ಬಂದು ಹೇಳಿದಳು: "ಸಾಹೇಬ್ರ, ನಾಳೆ ನಮ್ಮ ಮೊಮ್ಮಗಳ ನಿಕಾ ಐತ್ರಿ. ಇಬ್ರೂ ಕೂಡಿ ಬರ್ರಿ."

ಎಲ್ಲಿಗಾದರೂ ಹೋಗುವುದಿದೆ ಎಂದು ಕೇಳಿ ಅವರ ಮುಖ ಅರಳಿತು. ಆ ಒಂದು ಸಲ ಪರಿಶೀಲಿಸಲಿಲ್ಲ. "ಬರ್ತೇವ್ರಿ" ಎಂದರು.

ಮರುದಿನ ಬಂದೇ ಬಂದರು. ಕುಳಿತೇ ನಿದ್ದೆ ಮಾಡಿದ್ದರೆಂದು ದಾನವ್ವ ಹೇಳಿದಳು. ಪೇಟಾದ ಒಂದು ಮಡಿಕೆಯೂ ಅಲುಗಿರಲಿಲ್ಲ. ಯಾರೋ ದೊಡ್ಡವರು ಬಂದರೆಂದು ಚಪ್ಪರದಲ್ಲಿದ್ದವರೆಲ್ಲ ಎದ್ದು ನಿಂತರು. ಸಾಹೇಬರನ್ನು ಗಾದಿಯ ಮೇಲೆ ಮದುಮಗ ಇಜಾಜನ ಪಕ್ಕದಲ್ಲೇ ಕೂರಿಸಿದರು. ಪಾಪ, ಇಜಾಜ ಪೇಟಾದ ದಾರಿ ಕಾಯುತ್ತ ತಲೆಗೆ ಒಂದು ಕರವಸ್ತ್ರ ಬಿಗಿದುಕೊಂಡಿದ್ದ.

ಬಂಕಾಪುರದಿಂದ ಬಂದ ಮುದಿ ಕಾಜಿಗೆ ಕಣ್ಣಿನ ಆಪರೇಶನ್ ಆಗಿ ವಾರವೂ ಆಗಿರಲಿಲ್ಲ. ಕಪ್ಪು ಚಷ್ಮಾದೊಳಗಿಂದ ಅವರಿಗೆ ಕಂಡದ್ದು ಜರಿಯಂಚೊಂದೇ. ಅತ್ತಲೇ ತಿರುಗಿ ಕೇಳಿದರು: "ಮಜೀದಸಾಬರ ಮೊಮ್ಮಗಳು ಸುಹಾನಾನ್ನ ನಿಕಾದಾಗ ಕಬೂಲ್ ಮಾಡ್ತೀರೇನು?"

ಪ್ರಶ್ನೆ ಬಿದ್ದೊಡನೆ ಇಷ್ಟು ವರ್ಷದ ರೂಢಿ ಬಾಯಿಗೆ ಬಂತು. "ಪರಿಶೀಲಿಸಿ ತಿಳಿಸಲಾಗುವುದು" ಎಂದರು ಶಂಭುಲಿಂಗ ಸಾಹೇಬರು.

"ತೌಬಾ! ಇಷ್ಟ ದಿನಾ ಏನ್ ಮಾಡಾಕತ್ತಿದ್ರಿ?" ಎಂದು ಕಾಜಿ ಹೌಹಾರಿದರು.

ಹೆಂಗಸರ ಪರದೆಯ ಹಿಂದಿನಿಂದ ದಾನವ್ವನ ಧ್ವನಿ ಬಂತು: "ಏನ್ ಪರಿಶೀಲಸ್ತೀರಿ? ನಾ ಇಲ್ಲೇ ಅದೇನಿ!"

ಚಪ್ಪರವೆಲ್ಲ ಗೊಳ್ಳೆಂದಿತು. ಪರದೆಯ ಸಂದಿನಿಂದ ಮುಮ್ತಾಜಬೇಗಂ ಇಣುಕಿದಳು, ಸುಹಾನಾ ಅವಳ ಕೈ ಹಿಡಿದಳು. ಸಾಹೇಬರು ತಿರುಗಿ ಇಜಾಜನನ್ನು ನೋಡಿದರು. ಹುಡುಗನ ಕಣ್ಣು ನೆಟ್ಟಿದ್ದು ಅವರ ಮುಖದ ಮೇಲಲ್ಲ, ಪೇಟಾದ ಮೇಲೆ. ಅವರು ಮೆಲ್ಲಗೆ ಎದ್ದರು, ಎರಡೂ ಕೈಯಿಂದ ಪೇಟಾ ಎತ್ತಿ ಇಜಾಜನ ತಲೆಗಿಟ್ಟರು. ಆಫೀಸರರ ತಪೇಲಿಯ ಅಳತೆ, ಅವನ ಕಿವಿಯವರೆಗೂ ಇಳಿಯಿತು.

"ಚಾರ್ಜ್ ತಗೊಳ್ಳಪಾ" ಎಂದರು.

"ಕಬೂಲ್" ಎಂದ ಇಜಾಜ, ಕಾಜಿ ಕೇಳುವ ಮೊದಲೇ.

ನಿಕಾಹ ಮುಗಿದ ಮೇಲೆ ಸಾಹೇಬರು ಬರಿದಲೆಯಲ್ಲಿ ಬಾಗಿಲ ಬಳಿ ನಿಂತಿದ್ದರು. ಈಗ ಯಾರೂ ಏಳಲಿಲ್ಲ. ಮುಮ್ತಾಜಬೇಗಂ ಒಳಗಿನಿಂದ ಮಜೀದನ ಹೆಣಿಕೆಯ ಟೊಪ್ಪಿಗೆ ತಂದು ಅವರ ಕೈಗೆ ಕೊಟ್ಟಳು. "ಇದಕ್ಕ ಬಾಡಿಗಿ ಇಲ್ರಿ, ನೇಮಾನೂ ಇಲ್ಲ. ಬೇಕಂದಾಗ ಹಾಕ್ಕೊಳ್ರಿ, ಬ್ಯಾಡಂದಾಗ ಕಿಸೇದಾಗ ಇಟ್ಕೊರ್ರಿ. ಈಗ ಊಟಕ್ಕ ನಡೀರಿ, ಪಂಕ್ತಿ ಕುಂತೈತಿ." ಅವರು ಟೊಪ್ಪಿಗೆ ಹಾಕಿಕೊಂಡು ಹೋಗಿ ಪಂಕ್ತಿಯ ಕೊನೆಗೆ ಕುಳಿತರು. ಪಕ್ಕದಲ್ಲಿದ್ದವನು ತಿರುಗಿಯೂ ನೋಡದೆ, "ಕಾಕಾ, ಉಪ್ಪು ಈ ಕಡೆ ಕೊಡ್ರಿ" ಎಂದ. ಕೊಟ್ಟರು.

ಈಗ ಮುಮ್ತಾಜಬೇಗಂ ಸಭೆಯಲ್ಲಿ ಬೇರೆ ನೇಮ ಹೇಳುತ್ತಾಳೆ: "ಇದು ಮಾನದ ವಸ್ತು. ಕಟ್ಟಿದವ್ರ ಕೈಲೇನ ಇಳೀಬೇಕು. ಫೋಟೋ ಆದ ಕೂಡ್ಲೆ."

"ಮೊದಲ ಬ್ಯಾರೆ ಹೇಳ್ತಿದ್ದೆಲ್ಲ, ಚಾಚಿ?" ಎಂದು ಬಸವಣ್ಣೆಪ್ಪ ಕೆಣಕಿದರೆ, "ಹೌದಪಾ. ಪರಿಶೀಲಿಸಿ ಬದಲು ಮಾಡೇನಿ" ಎನ್ನುತ್ತಾಳೆ.