ಕಬ್ಬಿನೊಳಗಿಂದ ಬಂದ ಎರಡು ಜಗ್ಗು

ಹೊಲದಲ್ಲಿ ದೆವ್ವ ಕಂಡೆನೆಂದು ಯಾರಾದರೂ ಹೇಳಿದರೆ, ಎಷ್ಟು ಫೂಟು ಎತ್ತರ ಇತ್ತಪ್ಪಾ ಎಂದು ಕಾಲೆಳೆಯುತ್ತಿದ್ದವನು ನಾನು. ಭೂಮಾಪಕನಲ್ಲವೇ, ಅಳತೆಗೆ ಸಿಗದ್ದೆಲ್ಲ ಸುಳ್ಳು ಎಂಬ ಸೊಕ್ಕು. ಬಾಡಗಂಡಿ ಹತ್ತಿರದ ಆ ಮಧ್ಯಾಹ್ನದ ನಂತರ ಆ ಚೇಷ್ಟೆ ಬಿಟ್ಟಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೆಲವು ವರ್ಷಗಳ ಹಿಂದಿನ ಮಾತು; ಉಪಗ್ರಹದ ನೆರವಿನಿಂದ ಅಳೆಯುವ ರೋವರ್ ಯಂತ್ರ ಇನ್ನೂ ನಮ್ಮ ಕೈಗೆ ಬಂದಿರಲಿಲ್ಲ. ಗಂಗವ್ವ ಎಂಬ ವಿಧವೆಗೂ ಆಕೆಯ ಮೈದುನ ಬಸಪ್ಪನಿಗೂ ಒಂದು ಬಾವಿಯ ತಕರಾರು. ಎರಡು ಹೊಲಗಳ ನಡುವಿನ ಬಾಂದುಕಲ್ಲು ಎಂದೋ ಕಾಣೆಯಾಗಿತ್ತು. ಅದರ ಜಾಗ ಸಿಕ್ಕರೆ ಬಾವಿ ಯಾರದೆಂದು ತೀರ್ಮಾನವಾಗುತ್ತಿತ್ತು. ಬಾವಿ ಹೋದರೆ ಗಂಗವ್ವನ ಎರಡೆಕರೆ ಕಬ್ಬಿಗೆ ಬೇರೆ ನೀರಿಲ್ಲ. ಆಕೆ ಬೆಳಗಿನಿಂದ ನನ್ನ ಕೈಯನ್ನೇ ನೋಡುತ್ತ ನಿಂತಿದ್ದಳು.

ರಸ್ತೆ ಬದಿಗೆ ಉಳಿದಿದ್ದ ಮೂಲೆಗಲ್ಲಿನ ಬಳಿ ನಾನು ಟೇಪಿನ ಡಬ್ಬಿ ಹಿಡಿದು ಕೂತೆ. ತುದಿ ಹಿಡಿದು ಕಬ್ಬಿನೊಳಗೆ ಹೊಕ್ಕವನು ನಮ್ಮ ಬಾಂದು ಜವಾನ ಹಣಮಂತ. ಅಷ್ಟು ಬೆಳೆದ ಕಬ್ಬಿನಲ್ಲಿ ಆಳು ಕಾಣುವುದಿಲ್ಲ, ಕೂಗಿದ್ದು ಕೇಳುವುದಿಲ್ಲ. ಅದಕ್ಕೇ ನಮ್ಮದೊಂದು ರೂಢಿ: ಹಳೆಯ ನಕ್ಷೆಯ ಅಳತೆ ಬಂದ ಕೂಡಲೇ ನಾನು ಟೇಪು ತಡೆಯಬೇಕು, ಆತ ಬಿಗಿ ಹಿಡಿದು ಎರಡು ಸಲ ಜಗ್ಗಬೇಕು. ಸರಿಯಾದ ಜಾಗದಲ್ಲಿ ನಿಂತಿದ್ದೇನೆ ಎಂದು ಅದರರ್ಥ.

ಟೇಪು ಸರಸರ ಹೋಯಿತು, ಒಮ್ಮೆ ನಿಂತಿತು, ಮತ್ತೆ ಹೋಯಿತು. ಅಳತೆ ಬಂದಲ್ಲಿ ತಡೆದೆ. ಅದು ಬಿಗಿಯಾಗಿಯೇ ನಿಧಾನಕ್ಕೆ ಎಡಕ್ಕೆ ಸರಿಯಿತು. ಎರಡು ಜಗ್ಗು ಬಂದವು. ಅಂಕಿ ಬರೆದುಕೊಂಡೆ.

ತಲೆ ಎತ್ತಿದರೆ ಹಣಮಂತ ರಸ್ತೆ ಕಡೆಯಿಂದ ಕುಂಟುತ್ತ ಬರುತ್ತಿದ್ದಾನೆ, ಕಾಲಿಗೆ ಟವೆಲ್ ಸುತ್ತಿದೆ. ಕಡಿದ ಕಬ್ಬಿನ ಕೂಳೆ ಚುಚ್ಚಿತ್ತಂತೆ, ಹತ್ತು ಹೆಜ್ಜೆಗೇ ಟೇಪು ಬಿಟ್ಟು, ಬದಿಯ ಸಾಲಿನಿಂದ ಹೊರಬಿದ್ದು ರಸ್ತೆಯಾಚೆಯ ಕೈಪಂಪಿಗೆ ಕಾಲು ತೊಳೆಯಲು ಹೋಗಿದ್ದನಂತೆ. ಬಸಪ್ಪ, ಗಂಗವ್ವ, ಇಬ್ಬರು ಪಂಚರು, ಎಲ್ಲರೂ ನನ್ನ ಪಕ್ಕದಲ್ಲೇ ಇದ್ದರು. ಟೇಪು ನನ್ನ ಕೈಯಲ್ಲಿ ಇನ್ನೂ ಬಿಗಿಯಾಗಿತ್ತು. ಸುಳ್ಳೇಕೆ ಹೇಳಲಿ, ಹೆದರಿದೆ.

"ಹಂಗಾರ ಅದನ್ನ ಯಾರ್ ಹಿಡದಾರ್ರಿ?" ಎಂದ ಹಣಮಂತ. ಆಗ ಟೇಪು ಸಡಿಲಾಯಿತು.

ಟೇಪಿನ ಗುಂಟ ಎಲ್ಲರೂ ಒಳಗೆ ಹೋದೆವು. ತುದಿಯ ಕೊಂಡಿ ನೆಲದ ಮೇಲಿತ್ತು, ಯಾರೂ ಇರಲಿಲ್ಲ. ಬಸಪ್ಪನೇ ಅಲ್ಲಿ ಅಗೆದ. ಒಂದು ಮೊಳ ಕೆಳಗೆ ಮುರಿದ ಕಲ್ಲಿನ ಬುಡ, ಅದರಡಿ ಹಿಂದಿನವರು ಗುರುತಿಗೆಂದು ಹೂಳುತ್ತಿದ್ದ ಇದ್ದಿಲು. ಬಾವಿ ಗಂಗವ್ವನ ಪಾಲಿಗೆ ಬಂತು. ಆಕೆ ಅಲ್ಲೇ ಕುಸಿದು ಕೂತು ಅತ್ತಳು.

ಒಳಗೆ ಯಾರಾದರೂ ಅಡಗಿದ್ದರೆಂದರೆ, ನೆಲದ ತುಂಬ ಉದುರಿದ್ದ ಕಬ್ಬಿನ ಒಣ ಎಲೆ, ರವದಿಯ ಮೇಲೆ ಸದ್ದಿಲ್ಲದೆ ಹೇಗೆ ಹೋದರು? ಹಂದಿ ಎಂದರೆ, ಹಂದಿ ಎಣಿಸಿ ಜಗ್ಗುತ್ತದೆಯೇ?

ಮೂಲೆಗಲ್ಲಿನ ಬಳಿಗೆ ಮರಳಿ ಪಂಚನಾಮೆ ಬರೆದೆ, ಅದಕ್ಕೆ ತುದಿ ಹಿಡಿದವನ ಸಹಿ ಬೇಕಿತ್ತು. "ನಾ ಹಿಡದಿಲ್ಲರಿ, ಹೆಂಗ ಸಹಿ ಮಾಡ್ಲಿ?" ಎಂದು ಹಣಮಂತ ಹಟ ಹಿಡಿದ. ಸಹಿ ಇಲ್ಲದಿದ್ದರೆ ನಾಳೆ ಅಳತೆಯೇ ಬಿದ್ದುಹೋಗಿ ಬಾವಿ ಮತ್ತೆ ತಕರಾರಿಗೆ ಸಿಗುತ್ತಿತ್ತು. ಬೈದೆ, ರಮಿಸಿದೆ. ಟೇಪಿನ ತುದಿ ಇನ್ನೂ ಒಳಗೆ ಆ ಮುರಿದ ಕಲ್ಲಿನ ಬಳಿಯೇ ಬಿದ್ದಿತ್ತು. ಹೋಗಿ ಹಿಡಿ, ಮತ್ತೆ ಅಳೆಯೋಣ ಎಂದು ಒಬ್ಬನನ್ನೇ ಕಳಿಸಿದೆ. ಎರಡು ಜಗ್ಗು ಬಂದವು. ಅಂಕಿ ಅದೇ, ಬೆರಳಷ್ಟೂ ಹೆಚ್ಚುಕಡಿಮೆ ಇಲ್ಲ. ಆತ ಹೊರಬಂದು ಸುಮ್ಮನೆ ಸಹಿ ಹಾಕಿದ.

ಬೀಳಗಿಯ ನಮ್ಮ ಕಚೇರಿಗೆ ಮರಳುವಾಗ ಗಾಡಿಯ ಹಿಂದೆ ಕೂತು ಮೆಲ್ಲಗೆ ಹೇಳಿದ: "ಸಾಹೇಬ್ರ, ಎರಡನೇ ಸಲಾನೂ ನಾ ಜಗ್ಗಲಿಲ್ಲರಿ. ನಾ ಹೋಗೂದ್ರಾಗ ಟೇಪು ಬಿಗಿ ಆಗಿತ್ತು. ಬರೇ ಕೈ ಹಚ್ಚೀನಿ."

ನಾನು ಗಾಡಿ ನಿಲ್ಲಿಸಲಿಲ್ಲ. ಆ ಪಂಚನಾಮೆಯಲ್ಲಿ ಈಗಲೂ ಆತನ ಸಹಿಯೇ ಇದೆ. ಯಾರದು ಇರಬೇಕಿತ್ತೋ, ನನಗೆ ಗೊತ್ತಿಲ್ಲ.