ಕಾರ್ಡಿನ ಪ್ರಕಾರ ಅಕ್ಕ

ನಮ್ಮತ್ತೆಯ ಕಾಲಿಗೆ ಎರಡು ಬಣ್ಣ. ಗಿಣ್ಣಿನಿಂದ ಮೇಲೆ ಬಿಸಿಲಿನಲ್ಲಿ ಬೆಂದ ಕಪ್ಪು, ಗಿಣ್ಣಿನಿಂದ ಕೆಳಗೆ ಸುಣ್ಣ ಬಳಿದಂಥ ಬಿಳುಪು. ದೂರದಿಂದ ನೋಡಿದರೆ ಕಾನ್ವೆಂಟಿಗೆ ಹೊರಟ ಹುಡುಗಿಯೊಬ್ಬಳು ಸಾಕ್ಸ್ ಹಾಕಿಕೊಂಡು ಶೂ ಮರೆತು ಬಂದಂತೆ ಕಾಣುತ್ತಿದ್ದಳು. ಇದನ್ನು ಅವಳೆದುರಿಗೇ ಹೇಳಿದ್ದೆ. "ನಿನ್ನ ಮುಖಕ್ಕಿಂತ ನನ್ನ ಪಾದವೇ ಬೆಳ್ಳಗಿದೆ, ಹೋಗೋ" ಅಂದಿದ್ದಳು. ನಿಜವೇ.

ಅವಳು ರೇಷ್ಮೆ ಹುಳ ಸಾಕುತ್ತಿದ್ದಳು. ದೊಡ್ಡಬೆಳವಂಗಲದ ಹತ್ತಿರ ನಮ್ಮೂರು. ನಮ್ಮ ಮನೆಗೆ ಅಂಟಿಕೊಂಡಂತೆ ಅವಳ ಎರಡು ಕೋಣೆ, ಅದರ ಪಕ್ಕಕ್ಕೆ ಹುಳದ ಮನೆ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ತೊಟ್ಟಿ. ಒಳಗೆ ಹೋಗುವವರು ಅದರಲ್ಲಿ ಕಾಲದ್ದಬೇಕು, ಕೈ ತೊಳೆಯಬೇಕು, ಬೀದಿಯಲ್ಲಿ ಉಟ್ಟ ಬಟ್ಟೆಯಲ್ಲಿ ಬರಬಾರದು. ನೆಂಟರು, ಜ್ವರದವರು, ಪರಿಮಳದ ಎಣ್ಣೆ ಹಚ್ಚಿಕೊಂಡವರು ಯಾರೂ ಬರಬಾರದು. ದಿನಕ್ಕೆ ಹತ್ತಾರು ಸಲ ತೊಟ್ಟಿಯಲ್ಲಿ ನಿಂತು ನಿಂತು ಅವಳ ಪಾದ ಹಾಗಾಗಿತ್ತು. ಅಪ್ಪನ ತಂಗಿ, ಮದುವೆಯಾದ ವರ್ಷವೇ ಗಂಡನ ಮನೆ ಬಿಟ್ಟು ಬಂದವಳು. ಯಾಕೆ ಅಂತ ಯಾರಿಗೂ ಹೇಳಲಿಲ್ಲ. ಕೇಳಿದವರನ್ನೂ ಹುಳದ ಮನೆಯ ಬಾಗಿಲಲ್ಲಿ ನಿಲ್ಲಿಸಿದ ಹಾಗೆಯೇ ನಿಲ್ಲಿಸುತ್ತಿದ್ದಳು.

ನಾನು ಮಿಮಿಕ್ರಿ ಮಾಡುವವನು. ಗಣಪತಿ ಪೆಂಡಾಲಿನಲ್ಲಿ ಡೈರಿ ಸೆಕ್ರೆಟರಿ, ಪಂಚಾಯ್ತಿ ವಾಟರ್‌ಮನ್, ನಮ್ಮಪ್ಪ, ಎಲ್ಲರ ದನಿಯೂ ನನ್ನ ಗಂಟಲಲ್ಲಿ. ನನ್ನದೇ ದನಿ ಯಾವುದು ಅಂತ ಕೇಳಿದರೆ ಸ್ವಲ್ಪ ಹುಡುಕಬೇಕು. ಅತ್ತೆಯ ದನಿ ಸುಲಭ: ಬ್ಲೀಚಿಂಗ್ ಘಾಟಿಗೆ ಒಡೆದುಹೋದ, ಗಂಡಸಿನಂಥ ದನಿ. ನಾನು ಅವಳನ್ನು ಮಾಡಿ ತೋರಿಸಿದರೆ ನಗುತ್ತ, "ಇನ್ನೊಂಚೂರು ಕೆಮ್ಮು ಸೇರಿಸು" ಎಂದು ತಿದ್ದುತ್ತಿದ್ದಳು.

ಕಾರ್ಡಿನ ಕಥೆ ಹೇಳದೆ ಅವಳ ಕಥೆ ಮುಂದಕ್ಕೆ ಹೋಗುವುದಿಲ್ಲ. ಆಧಾರ್ ಮಾಡಿಸಲು ಊರೆಲ್ಲ ಶಾಲೆಯ ಜಗಲಿಯಲ್ಲಿ ಸಾಲುಗಟ್ಟಿದ್ದಾಗ, ಕಂಪ್ಯೂಟರ್ ಮುಂದಿನ ಹುಡುಗ ವಯಸ್ಸು ಕೇಳಿದನಂತೆ. ಶಾಲೆಯ ಮುಖ ನೋಡದ ಅತ್ತೆ, "ನೀನೇ ನೋಡಿ ಹಾಕ್ಕೊಳ್ಳಪ್ಪ" ಅಂದಳಂತೆ. ಅವನು ತಲೆಯ ಬಿಳಿ ಕೂದಲು ನೋಡಿ ಹಾಕಿಕೊಂಡ. ಒಂದೇ ಏಟಿಗೆ ಹತ್ತು ವರ್ಷ ಹೆಚ್ಚಾಯಿತು. ಅಪ್ಪನಿಗಿಂತ ನಾಲ್ಕು ವರ್ಷ ಚಿಕ್ಕವಳು, ಕಾರ್ಡಿನ ಪ್ರಕಾರ ಅಪ್ಪನಿಗೆ ಅಕ್ಕನಾದಳು. ಆ ಕಾರ್ಡಿನಿಂದ ವೃದ್ಧಾಪ್ಯ ವೇತನವೂ ಬೇಗನೆ ಬಂತು. ಅವಳಿಗೆ ಅದಕ್ಕಿಂತ ಖುಷಿ ಕೊಟ್ಟದ್ದು ಹೊಸ ಹಿರಿತನ. ಅಪ್ಪ ಊಟಕ್ಕೆ ತಡ ಮಾಡಿದರೆ ಅಡುಗೆಮನೆಯಿಂದ ಕೂಗುತ್ತಿದ್ದಳು: "ಲೇ ತಮ್ಮಾ, ಏಳೋ ಮೇಲೆ. ಅಕ್ಕ ಹೇಳ್ತಿದೀನಿ."

ಅಪ್ಪ ಸಿಡುಕುತ್ತಲೇ ಎದ್ದು ಬರುತ್ತಿದ್ದರು.

ಕೊರೊನಾದ ಮೊದಲ ವರ್ಷ ಲಾಕ್‌ಡೌನ್ ಬಂದಾಗ ಆಟೋದ ಮೈಕಿನಲ್ಲಿ ಕೈ ತೊಳೆಯಿರಿ, ಹೊರಗಿನವರನ್ನು ಸೇರಿಸಬೇಡಿ, ವಯಸ್ಸಾದವರು ಮನೆಯಲ್ಲೇ ಇರಿ ಎಂದು ಕೂಗಿಕೊಂಡು ಹೋದರು. ಅತ್ತೆ ಹಿಪ್ಪುನೇರಳೆ ಸೊಪ್ಪಿನ ಕುಕ್ಕೆ ಕೆಳಗಿಟ್ಟು ಪೂರ್ತಿ ಕೇಳಿದಳು. "ಇಡೀ ದೇಶಾನೇ ಹುಳದ ಮನೆ ಮಾಡ್ಕೊಂಬಿಟ್ರಲ್ಲೋ" ಅಂದಳು.

ಆಮೇಲೆ ಲೆಕ್ಕ ಕೇಳಿದಳು. ಬಿ.ಕಾಂ.ನಲ್ಲಿ ಸ್ಟಾಟಿಸ್ಟಿಕ್ಸ್ ಪೇಪರನ್ನು ಎರಡನೇ ಸಲ ಕಟ್ಟಿ ದಡ ಸೇರಿದವನು ನಾನು. ಮನೆಯಲ್ಲಿ ಬೇರೆ ತಜ್ಞರಿರಲಿಲ್ಲ. ಅವಳು ಒಳಗೆ, ನೊಣದ ಪರದೆಯ ಹಿಂದೆ ಹುಳದ ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದಳು. ನಾನು ಹೊರಗೆ ಕಟ್ಟೆಯ ಮೇಲೆ.

"ನೂರು ಜನಕ್ಕೆ ಬಂದ್ರೆ ಎಷ್ಟು ಜನ ಹೋಗ್ತಾರಂತೆ?"

"ಒಬ್ಬೊಬ್ರು ಒಂದೊಂದು ಹೇಳ್ತಾರೆ ಅತ್ತೆ. ಕೆಲವರು ಅನ್ಕೋ. ಬೆರಳಲ್ಲಿ ಎಣಿಸ್ಬೋದು."

"ಅಷ್ಟೇನಾ? ತಟ್ಟೇಲಿ ನೂರಕ್ಕೆ ಅಷ್ಟು ಹುಳ ಸತ್ರೆ ಅದು ಒಳ್ಳೆ ಬೆಳೆ ಕಣೋ. ನಾನು ಪಾಯಸ ಮಾಡ್ತೀನಿ."

"ಈ ಸಲ ನೀನು ಬೆಳೆ ಇಟ್ಟಿರೋಳಲ್ಲ ಅತ್ತೆ. ನೀನು ಹುಳ."

ಸೊಪ್ಪು ಹಾಕುವ ಕೈ ನಿಂತಿತು. ಹುಳಗಳು ಮಾತ್ರ ತಿನ್ನುತ್ತಿದ್ದವು.

"ಹೂಂ, ಮುಂದಕ್ಕೆ ಹೇಳು" ಅಂದಳು.

"ಆ ನೂರರಲ್ಲಿ ನನ್ನಂಥ ಪಡ್ಡೆಗಳೂ ಇದಾರೆ, ಅಪ್ಪನಂಥೋರೂ ಇದಾರೆ. ಎಲ್ಲಾರನ್ನೂ ಒಂದೇ ತಟ್ಟೇಲಿ ಹಾಕಿ ಎಣಿಸಿದ್ರೆ ಕಮ್ಮಿ ಕಾಣುತ್ತೆ. ವಯಸ್ಸಾದೋರನ್ನೇ ಬೇರೆ ತಟ್ಟೆಗೆ ಹಾಕಿ ಎಣಿಸು. ಆಗ ಪಾಯಸ ಮಾಡೋಕೆ ಕೈ ಬರಲ್ಲ ನಿಂಗೆ."

ಇದು ಅವಳಿಗೆ ಥಟ್ಟನೆ ಹತ್ತಿತು. ಚಿಕ್ಕ ಹುಳ, ದೊಡ್ಡ ಹುಳ ಒಟ್ಟಿಗೆ ಇಡುವವಳಲ್ಲ ಅವಳು. ಇನ್ನೊಂದು ಹಿಡಿ ಸೊಪ್ಪು ಹರಡುತ್ತ ಕೇಳಿದಳು: "ಸರಿ. ಹಂಗಾದ್ರೆ ನಾನು ಯಾವ ತಟ್ಟೆ? ಕಾರ್ಡಿನ ವಯಸ್ಸಿಂದೋ, ಮೈ ವಯಸ್ಸಿಂದೋ?"

"ಕಾಯಿಲೆ ಕಾರ್ಡ್ ಓದಲ್ಲ."

"ಅದೇ ನಾನು ಹೇಳೋದು. ನಂಗಿನ್ನೂ ಅರವತ್ತೇ ಆಗಿಲ್ಲ. ಮೈಕಲ್ಲಿ ಕೂಗಿದ್ದು ನನಗಲ್ಲ, ನಿಮ್ಮಪ್ಪನಿಗೆ."

"ಅರವತ್ತಕ್ಕೆ ಗೋಡೆ ಕಟ್ಟಿಲ್ಲ ಅತ್ತೆ. ಅದು ದಿಣ್ಣೆ ಹತ್ತಿದಂಗೆ. ವರ್ಷ ವರ್ಷಕ್ಕೂ ಒಂಚೂರು ಏರುತ್ತೆ. ನೀನು ಆಗ್ಲೇ ಅರ್ಧ ದಿಣ್ಣೆ ಮೇಲಿದೀಯ."

"ಇನ್ನೂ ಅರ್ಧ ಇದೆ ಬಿಡು" ಅಂದು ಮುಂದಿನ ತಟ್ಟೆಗೆ ಹೋದಳು.

ಮುಂದಿನ ವರ್ಷ ಲಸಿಕೆ ಬಂತು. ಅರವತ್ತು ದಾಟಿದವರಿಗೆ ಮೊದಲು. ಆಶಾ ಕಾರ್ಯಕರ್ತೆ, ಊರಿಗೆಲ್ಲ ಆಶಾ ಅಕ್ಕ, ಮನೆ ಬಾಗಿಲಿಗೆ ಬಂದಳು. ಅಪ್ಪ ಅವಳ ದನಿ ಕೇಳಿದ್ದೇ ಹಿತ್ತಲಿನಿಂದ ಹೊಲಕ್ಕೆ. ಪಕ್ಕದೂರಿನಲ್ಲಿ ಒಬ್ಬರು ಸೂಜಿ ಹಾಕಿಸಿಕೊಂಡ ವಾರದಲ್ಲಿ ತೀರಿಕೊಂಡಿದ್ದರಂತೆ, ಅದನ್ನು ಯಾರೋ ಅಪ್ಪನ ಫೋನಿಗೆ ಕಳಿಸಿದ್ದರು. ರಾತ್ರಿ ಊಟಕ್ಕೆ ಬಂದಾಗ ಅತ್ತೆ ಹಿಡಿದುಕೊಂಡಳು.

"ಹಾಕಿಸ್ಕೊಂಡು ಹೋದೋರನ್ನ ಎಣಿಸಿದೀಯ. ಹಾಕಿಸ್ಕೊಳ್ದೆ ಹೋದೋರನ್ನ ಎಣಿಸಿದ್ಯಾ ತಮ್ಮಾ?"

"ನೀನು ಹಾಕಿಸ್ಕೋ ಮೊದ್ಲು. ಕಾರ್ಡಲ್ಲಿ ನೀನೇ ಅಲ್ವಾ ದೊಡ್ಡೋಳು" ಅಂದರು ಅಪ್ಪ.

ಆಶಾ ಅಕ್ಕ ಹೇಳಿದ್ದೂ ಅದನ್ನೇ. "ನಿನ್ನ ಕಾರ್ಡಿಗೆ ಇವತ್ತೇ ಹಾಕ್ತಾರೆ ಕಣಮ್ಮ, ಬಾ." ಅತ್ತೆ ತೊಟ್ಟಿಯಲ್ಲಿ ಕಾಲಿಟ್ಟುಕೊಂಡೇ ಕೊಟ್ಟ ಉತ್ತರ ಇನ್ನೂ ಕಿವಿಯಲ್ಲಿದೆ: "ಸುಳ್ಳು ವಯಸ್ಸಿಗೆ ಪೆನ್ಷನ್ ತಿಂತಾ ಇದೀನಿ. ಅದು ಸರ್ಕಾರದ್ದು, ಸಾಯ್ಲಿ. ಇದು ಇನ್ನೊಬ್ರ ಜೀವದ್ದು. ನನ್ನ ವಯಸ್ಸಿನೋರ ಸರದಿ ಬರ್ಲಿ, ಬರ್ತೀನಿ."

ನಾನು ಜಗಳವಾಡಿದೆ. ಆಶಾ ಅಕ್ಕನ ದನಿಯಲ್ಲಿ ಆಡಿದೆ, ಅಪ್ಪನ ದನಿಯಲ್ಲಿ ಆಡಿದೆ, ಕೊನೆಗೆ ಅವಳ ದನಿಯಲ್ಲೇ ಅವಳನ್ನು ಬೈದೆ. ನಕ್ಕಳು, ಜಗ್ಗಲಿಲ್ಲ. ಆಗ ಆರೋಗ್ಯ ಕೇಂದ್ರದಲ್ಲಿ ಕುರ್ಚಿಗಳು ಖಾಲಿ ಇದ್ದವು. ನರ್ಸಮ್ಮ ಬಾಗಿಲಲ್ಲಿ ನಿಂತು ಬೀದಿಯಲ್ಲಿ ಹೋಗುವವರನ್ನು ಕರೆಯುತ್ತಿದ್ದರು. ಅತ್ತೆ ಬಿಟ್ಟುಕೊಟ್ಟ ಜಾಗದಲ್ಲಿ ಯಾರೂ ಬಂದು ಕೂರಲಿಲ್ಲ. ಅದನ್ನು ಹೇಳಿದರೂ, "ಬರ್ತಾರೆ, ಬರ್ದೆ ಎಲ್ಲಿಗೋಗ್ತಾರೆ" ಅಂದಳು.

ಅವಳ ನಿಜವಾದ ವಯಸ್ಸಿನ ಸರದಿಯೂ ಬಂತು. ಬಂದಾಗ ಹುಳ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದಿದ್ದವು. ಅಲ್ಲಿಂದ ಗೂಡು ಕಟ್ಟುವವರೆಗೆ ಅವು ರಾಕ್ಷಸರಂತೆ ತಿನ್ನುತ್ತವೆ. ಒಂದು ಹೊತ್ತು ಸೊಪ್ಪು ತಪ್ಪಿದರೂ ಬೆಳೆ ಕೈಬಿಟ್ಟ ಹಾಗೆ. ಸೂಜಿ ಹಾಕಿಸಿಕೊಂಡವರಿಗೆ ಒಂದೆರಡು ದಿನ ಮೈಕೈ ನೋವು, ಜ್ವರ ಅಂತ ಕೇಳಿದ್ದಳು.

"ನಾನು ಮಲಗಿಬಿಟ್ರೆ ಸೊಪ್ಪು ಹಾಕೋರ್ಯಾರು, ನೀನಾ? ಹುಳದ ಮುಂದೆ ಮಿಮಿಕ್ರಿ ಮಾಡ್ಕೊಂಡು ಕೂತ್ಕೋತೀಯ. ಗೂಡು ಬಿಡಿಸಿ ಹೋಗ್ತೀನಿ ಬಿಡು."

ಆ ವಾರದಲ್ಲೇ ಆರೋಗ್ಯ ಕೇಂದ್ರದ ಗೇಟಿಗೆ ಲಸಿಕೆ ಮುಗಿದಿದೆ ಎಂಬ ಬೋರ್ಡು ಬಿತ್ತು. ಅದರ ಮಾರನೆಯ ದಿನ ಅತ್ತೆ ಕೆಮ್ಮಿದಳು. ಅದು ನಾನು ಸೇರಿಸುತ್ತಿದ್ದ ಕೆಮ್ಮಲ್ಲ.

ಎಲ್ಲಿಂದ ಬಂತೋ, ಆ ದಿನಗಳಲ್ಲಿ ಯಾರೂ ಅದನ್ನು ಕೇಳುತ್ತಿರಲಿಲ್ಲ. ಆಶಾ ಅಕ್ಕ ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಯಂತ್ರ ತಂದುಕೊಟ್ಟಳು. ಬೆಳಿಗ್ಗೆ ಕಂಡ ಸಂಖ್ಯೆ ಮಧ್ಯಾಹ್ನಕ್ಕೆ ಇಳಿದಿತ್ತು, ಸಂಜೆಗೆ ಇನ್ನೂ ಇಳಿಯಿತು. ಅತ್ತೆ ಸಂಖ್ಯೆಯನ್ನು ನೋಡಲೇ ಇಲ್ಲ, ನನ್ನ ಮುಖ ನೋಡಿದಳು. ಊರಿನ ಮುಖವನ್ನೆಲ್ಲ ಹಾಕಿಕೊಳ್ಳುವವನಿಗೆ ಧೈರ್ಯವಾಗಿರುವವನ ಮುಖವೊಂದು ಆವತ್ತು ಸಿಗಲಿಲ್ಲ.

ಬೆಡ್ಡಿಗಾಗಿ ಫೋನ್ ಹಿಡಿದು ಕೂತೆ. ಎಲ್ಲರೂ ಮೊದಲು ಕೇಳುತ್ತಿದ್ದುದು ವಯಸ್ಸು. ಐವತ್ತೆಂಟು ಅಂದೆ. ಕಾರ್ಡಿನ ಫೋಟೊ ಕಳಿಸಿ ಅಂದರು. ಕಳಿಸಿದರೆ, "ಇದರಲ್ಲಿ ಅರವತ್ತೆಂಟು ಇದೆಯಲ್ರೀ" ಅಂದರು. "ಇಲ್ಲ ಮೇಡಂ, ಅದು ತಪ್ಪು, ನಿಜವಾಗ್ಲೂ ಐವತ್ತೆಂಟು" ಎಂದು ಗೋಗರೆದೆ. ಹತ್ತು ವರ್ಷ ಕಡಿಮೆ ಮಾಡಿದರೆ ಅವಳ ಉಸಿರು ಸ್ವಲ್ಪ ಏರುತ್ತದೆ ಎಂಬ ಹಾಗೆ. ಯಾವ ವಯಸ್ಸಿಗೂ ಬೆಡ್ ಇರಲಿಲ್ಲ.

ಆಮೇಲೆ ನನಗೆ ಗೊತ್ತಿದ್ದ ಒಂದೇ ವಿದ್ಯೆಗೆ ಕೈ ಹಾಕಿದೆ. ಗಂಟಲು ದಪ್ಪ ಮಾಡಿಕೊಂಡು, ಯಾರೋ ದೊಡ್ಡ ಮನುಷ್ಯರ ಪಿಎ ಆಗಿ ಒಂದು ಆಸ್ಪತ್ರೆಗೆ ಫೋನ್ ಮಾಡಿದೆ. "ಸಾಹೇಬ್ರ ಕಡೆ ಪೇಷೆಂಟು, ಅರ್ಜೆಂಟ್ ನೋಡ್ರೀ." ನನ್ನ ಜೀವನದಲ್ಲೇ ಅಷ್ಟು ಚೆನ್ನಾಗಿ ಮಾಡಿರಲಿಲ್ಲ. ಆ ಕಡೆಯ ಹುಡುಗಿ ಸುಸ್ತಾದ ದನಿಯಲ್ಲಿ ಹೇಳಿದಳು: "ಸಾರ್, ಬೆಳಿಗ್ಗೆಯಿಂದ ಹಿಂಗೇ ಫೋನು. ನೀವು ನಿಜವಾಗ್ಲೂ ಪಿಎ ಆಗಿದ್ರೂ ಬೆಡ್ ಇಲ್ಲ ಸಾರ್." ಆಮೇಲೆ ಅವಳೇ, ಮೆಲ್ಲಗೆ: "ನಿಮಗೆ ಏನಾಗ್ಬೇಕು ಅವ್ರು?"

"ಅತ್ತೆ" ಅಂದೆ. ಅದು ನನ್ನದೇ ದನಿ ಇರಬೇಕು.

ಮಾರನೆಯ ದಿನ ಆ ಹುಡುಗಿಯೇ ಫೋನ್ ಮಾಡಿದಳು. ಒಂದು ಬೆಡ್ ಖಾಲಿಯಾಗಿತ್ತು. ಹೇಗೆ ಖಾಲಿಯಾಯಿತು ಎಂದು ನಾನು ಕೇಳಲಿಲ್ಲ. ಪಕ್ಕದ ಮನೆಯ ಓಮ್ನಿಯಲ್ಲಿ ಅತ್ತೆಯನ್ನು ಮಲಗಿಸಿದೆವು. ಹೊರಡುವಾಗ ಹುಳದ ಮನೆಯ ಕಡೆ ಕೈ ತೋರಿಸಿದಳು. "ಹುಳ ಹಣ್ಣಾಗಿವೆ. ಚಂದ್ರಿಕೆಗೆ ಬಿಡಿ. ನಂಗೆ ಕಾಯ್ಬೇಡಿ." ಚಂದ್ರಿಕೆ ಅಂದರೆ ಹುಳ ಗೂಡು ಕಟ್ಟುವ ಬಿದಿರಿನ ತಡಿಕೆ. ದಾರಿಯಲ್ಲಿ ಮಾತು ಬರಲಿಲ್ಲ. ಆಸ್ಪತ್ರೆಯ ಹತ್ತಿರ ಬಂದಾಗ ನನ್ನ ಅಂಗಿ ಹಿಡಿದು ಎಳೆದಳು. ಒಂದೊಂದು ಮಾತಿಗೂ ಒಂದೊಂದು ಉಸಿರು ಹುಡುಕಿಕೊಳ್ಳುತ್ತ ಹೇಳಿದಳು: "ಅಣ್ಣಂಗೆ ಸೂಜಿ ಹಾಕ್ಸು. ಅವನು ನಿಜವಾಗ್ಲೂ ಅರವತ್ತು ದಾಟಿದಾನೆ."

ತಮ್ಮ ಅನ್ನಲಿಲ್ಲ. ಅಣ್ಣ ಅಂದಳು.

ಎರಡನೇ ದಿನ ಹೋಗಿಬಿಟ್ಟಳು. ಪ್ಲಾಸ್ಟಿಕ್ ಸುತ್ತಿ ತಂದರು, ಮುಖ ತೋರಿಸುವ ಹಾಗಿರಲಿಲ್ಲ. ಅಂಥವೇ ಸುಮಾರು ಕಟ್ಟುಗಳು ಸಾಲಾಗಿದ್ದವು. ನಾನು ಪಿಪಿಇ ಕಿಟ್ ಹಾಕಿಕೊಂಡಿದ್ದ ಆಳನ್ನು ಬೇಡಿಕೊಂಡೆ: "ಅಣ್ಣಾ, ಕಾಲೊಂದು ನೋಡಿ ಹೇಳಿ. ಗಿಣ್ಣಿಂದ ಕೆಳಗೆ ಬೆಳ್ಳಗಿದ್ರೆ ನಮ್ಮತ್ತೆ." ಅವನು ಒಂದು ಗಳಿಗೆ ನನ್ನನ್ನು ನೋಡಿದ. ಹೋಗಿ, ಬಗ್ಗಿ, ಎದ್ದು, ದೂರದಿಂದಲೇ ಹೌದೆಂದು ತಲೆಯಾಡಿಸಿದ.

ಆ ದಿನದ ಪಟ್ಟಿಯಲ್ಲಿ ಅವಳೊಂದು ಸಾಲು: ಅರವತ್ತೆಂಟು ವರ್ಷದ ಮಹಿಳೆ. ಜೀವವಿರುವಾಗ ಬೇಡ ಅಂದಿದ್ದ ತಟ್ಟೆಗೇ ಸತ್ತ ಮೇಲೆ ಅವಳನ್ನು ಹಾಕಿದ್ದರು. ಆ ಸಂಖ್ಯೆ ನೋಡಿ ಎಲ್ಲೋ ಯಾರೋ, ನನಗಿನ್ನೂ ಅಷ್ಟು ವಯಸ್ಸಾಗಿಲ್ಲ ಎಂದು ನಿಟ್ಟುಸಿರು ಬಿಟ್ಟು ಮಲಗಿರುತ್ತಾರೆ. ಸಮಾಧಾನ ಹೇಳಲು ಫೋನ್ ಮಾಡಿದವರು ಒಬ್ಬರ ಹಿಂದೊಬ್ಬರು ಅದನ್ನೇ ಹೇಳಿದರು: "ಏನ್ಮಾಡಕ್ಕಾಗುತ್ತಪ್ಪ, ವಯಸ್ಸಾಗಿತ್ತಲ್ವಾ." ಮೊದಮೊದಲು, ಇಲ್ಲ, ಐವತ್ತೆಂಟು ಅಂತ ತಿದ್ದುತ್ತಿದ್ದೆ. ಆಮೇಲೆ ಸುಮ್ಮನಾದೆ. ಅರವತ್ತೆಂಟೇ ಆಗಿದ್ದರೆ ಹೋಗಲಿ ಬಿಡು ಅನ್ನಬಹುದಿತ್ತೇ? ಮುದುಕರ ತಟ್ಟೆಯಲ್ಲಿ ಹೆಚ್ಚು ಸಾಯುತ್ತಾರೆ ಎಂದು ನಾನೇ ಅವಳಿಗೆ ಕಲಿಸಿದ್ದೆ. ಅದನ್ನೇ ಜನ, ಮುದುಕರು ಸತ್ತರೆ ಸಾಯಲಿ ಎಂದು ಓದಿಕೊಳ್ಳುತ್ತಾರೆಂದು ನನಗೆ ಯಾರೂ ಕಲಿಸಿರಲಿಲ್ಲ.

ಅಪ್ಪ ಹುಳವನ್ನು ಚಂದ್ರಿಕೆಗೆ ಬಿಟ್ಟಿದ್ದರು. ಆಮೇಲೆ ಹುಳದ ಮನೆಯ ಜಗಲಿಯಲ್ಲಿ ಕೂತವರು ಏಳಲಿಲ್ಲ. ಗೂಡು ಬಿಡಿಸಿದ್ದು ನಾನು. ಲಸಿಕೆ ಮತ್ತೆ ಬಂದಾಗ ಆಶಾ ಅಕ್ಕ ಬೆಳಿಗ್ಗೆಯೇ ಬಂದು, "ಸ್ವಲ್ಪವೇ ಬಂದಿದೆ, ಮಧ್ಯಾಹ್ನಕ್ಕೆ ಮುಗಿದೋಗುತ್ತೆ, ಕರ್ಕೊಂಡು ಬಾ" ಅಂದಳು.

"ನಂಗ್ಯಾಕೆ, ಅವಳೇ ಇಲ್ಲ" ಅಂದರು ಅಪ್ಪ. ಈ ಸಲ ಅದು ಹೆದರಿಕೆಯಲ್ಲ. ಹೆದರಿಕೆಯಾಗಿದ್ದರೆ ಚೆನ್ನಾಗಿತ್ತು, ಅದರ ಜೊತೆ ಜಗಳವಾಡಬಹುದಿತ್ತು. ಅವಳ ಮಾತು ಹೇಳಿದೆ, ಕೈ ಮುಗಿದೆ, ಅತ್ತುಬಿಟ್ಟೆ. ಗೋಡೆಗೆ ಮುಖ ಮಾಡಿ ಕೂತರು. ಬಿಸಿಲು ಅಂಗಳಕ್ಕೆ ಬಂದುಬಿಟ್ಟಿತ್ತು.

ನಾನು ಒಳಗೆ ಹೋದೆ. ಹುಳದ ಮನೆಯ ಬಾಗಿಲ ಹಿಂದೆ, ಒಣಗಿದ ತೊಟ್ಟಿಯ ಪಕ್ಕದಲ್ಲಿ ನಿಂತೆ. ಬ್ಲೀಚಿಂಗ್ ವಾಸನೆ ಇನ್ನೂ ಇತ್ತು, ಗಂಟಲು ತಾನಾಗಿಯೇ ಒಡೆಯಿತು.

"ಲೇ ತಮ್ಮಾ, ಏಳೋ ಮೇಲೆ. ಅಕ್ಕ ಹೇಳ್ತಿದೀನಿ."

ಹೊರಗೆ ಜಗಲಿಯಲ್ಲಿ ಚಪ್ಪಲಿ ಮೆಟ್ಟುವ ಸದ್ದು. ಬಾಗಿಲ ಸಂದಿನಿಂದ ನೋಡಿದೆ: ಟವೆಲ್ಲು ಹೆಗಲಿಗೆ ಹಾಕಿಕೊಂಡು, ಬಾಗಿಲ ಕಡೆ ತಿರುಗದೆ, ಆರೋಗ್ಯ ಕೇಂದ್ರದ ದಾರಿ ಹಿಡಿದಿದ್ದರು.

ವಾಪಸು ಬರುವಾಗ ಸೂಜಿ ಚುಚ್ಚಿದ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನನ್ನ ಮುಂದೆ ನಡೆಯುತ್ತಿದ್ದರು. ಡೈರಿಯ ಹತ್ತಿರ ನಿಂತರು.

"ಇನ್ನೊಂದ್ಸಲ ಆ ದನಿ ಮಾಡ್ಬೇಡ."

"ಆಯ್ತಪ್ಪ."

ಮತ್ತೆ ಮುಂದಕ್ಕೆ ನಡೆದರು. ಹುಳದ ಮನೆ ಕಾಣಿಸಿದಾಗ, ನನ್ನ ಕಡೆ ನೋಡದೆಯೇ ಹೇಳಿದರು:

"ಎರಡ್ನೇ ಡೋಸಿಗೆ ಮಾಡು."