ಅಳಿಯನನ್ನು ರಂಗೋಲಿ ಗೆರೆಯ ಮೇಲೆ ನಡೆಸಿದ್ದು

ಆಗ ನನಗೆ ನಲವತ್ತೆಂಟು. ಅದು ನಡೆದು ಮೂವತ್ತೆಂಟು ವರ್ಷ ಕಳೆಯಿತು. ಈಗೆಷ್ಟು ಎಂದು ನೀವೇ ಕೂಡಿಕೊಳ್ಳಿ, ನನ್ನ ಓದು ಅಷ್ಟಕ್ಕಷ್ಟೇ.

ಮಗಳು ಸುಮಳ ಬಾಣಂತನಕ್ಕೆಂದು ಮೈಸೂರಿನಿಂದ ಅಮೆರಿಕಕ್ಕೆ ಹೋಗಿದ್ದೆ. ಅವರ ಅಪಾರ್ಟ್‌ಮೆಂಟು ಸ್ಯಾನ್ ಹೊಸೆಯ ಬೆರ್ರಿಯೆಸಾದಲ್ಲಿತ್ತು. ಅಲ್ಲಿ ಹಾಲು ತರಬೇಕಾದರೂ ಕಾರು ಬೇಕು. ಸುಮಳಿಗೆ ಓಡಿಸಲು ಬರದು. ಓಡಿಸುವವನು ಅಳಿಯ ಪ್ರಕಾಶ ಒಬ್ಬನೇ. ನೋವು ಬಂದರೆ ಆಸ್ಪತ್ರೆಗೆ ಸೇರಿಸಬೇಕಾದವನೂ ಅವನೇ. ನನ್ನ ತಲೆಯಲ್ಲಿ ಸದಾ ಇದ್ದದ್ದು ಇದೊಂದೇ.

ಸೀಮಂತವನ್ನು ಮಾರ್ಗನ್ ಹಿಲ್‌ನಲ್ಲಿ ಪ್ರಕಾಶನ ಸ್ನೇಹಿತ ಮೂರ್ತಿಯ ಮನೆಯಲ್ಲಿ ಇಟ್ಟುಕೊಂಡಿದ್ದರು. ಭಾನುವಾರ. ಊರಿನಿಂದ ನಾನು ರಂಗೋಲಿ ಪುಡಿಯನ್ನು ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ತಂದಿದ್ದೆ. ಬಾಗಿಲಿಗೆ ಕಮಲ ಹಾಕಿ, ಉಳಿದ ಪುಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಆರತಿ ಆಯಿತು, ಊಟ ಆಯಿತು. ಗಂಡಸರು ಒಬ್ಬೊಬ್ಬರೇ ಮಾಯವಾದರು. "ಗರಾಜಲ್ಲಿ ಕಾರು ನೋಡ್ತಿದಾರೆ ಅಮ್ಮ" ಎಂದಳು ಮೂರ್ತಿಯ ಹೆಂಡತಿ ಶಾರದ. ಕಾರು ನೋಡಲು ಇಷ್ಟು ಹೊತ್ತೇ? ಹೋಗಿ ನೋಡಿದರೆ ಮೂವರು ಬಿಯರ್ ಡಬ್ಬಿಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಮೂರ್ತಿಗೆ ಗ್ಯಾಸ್ಟ್ರಿಕ್, ಅವನ ಕೈಯಲ್ಲಿ ಕಿತ್ತಳೆ ರಸ. ಪ್ರಕಾಶ ನನ್ನನ್ನು ಕಂಡದ್ದೇ ಡಬ್ಬಿಯನ್ನು ಅಂಗಿಯೊಳಗೆ ಅಡಗಿಸಲು ಹೋಗಿ ಮೈಮೇಲೆ ಸುರಿದುಕೊಂಡ.

ಏನನ್ನೂ ಅಡಗಿಸದವನು ದಿವಾಕರ. ಮಂಗಳೂರಿನ ಹುಡುಗ, ಟೆಕ್ಸಾಸಿನಿಂದ ಹೊಸದಾಗಿ ಬಂದವನು, ಮೂರ್ತಿಯ ಮನೆಯಲ್ಲೇ ಇದ್ದ.

"ನಮ್ಮ ಟೆಕ್ಸಾಸಲ್ಲಿ ಕೈಯಲ್ಲಿ ಬಿಯರ್ ಹಿಡ್ಕೊಂಡೇ ಕಾರು ಓಡಿಸಬಹುದು ಮಾರಾಯ್ರೆ! ಅಮಲು ಏರಬಾರದು, ಅಷ್ಟೇ."

"ಇದು ಕ್ಯಾಲಿಫೋರ್ನಿಯಾ ಕಣಯ್ಯ. ಸಿಕ್ಕಿಹಾಕ್ಕೊಂಡ್ರೆ ಜೈಲು ತೋರಿಸ್ತಾರೆ, ಲೈಸೆನ್ಸೂ ಕಿತ್ಕೋತಾರೆ" ಎಂದ ಮೂರ್ತಿ.

"ದೇಶ ಒಂದೇ, ಬಿಯರ್ ಒಂದೇ. ಗಡಿ ದಾಟಿದ ಕೂಡ್ಲೇ ಶಿಕ್ಷೆ ಬೇರೆಯಾ? ಇದೆಂಥ ನ್ಯಾಯ!"

ನಾನು ಕೇಳಿದೆ: "ನನ್ನ ಮೊಮ್ಮಗು ಹುಟ್ಟೋದು ಯಾವ ಸ್ಟೇಟಲ್ಲಪ್ಪಾ?"

"ಇಲ್ಲೇ, ಅಮ್ಮ."

"ಹಾಗಾದ್ರೆ ನಿನ್ನ ಟೆಕ್ಸಾಸ್ ಕಟ್ಕೊಂಡು ನಾನೇನು ಮಾಡ್ಲಿ? ಪ್ರಕಾಶ, ಕೀ ಕೊಡು."

"ಒಂದೇ ಒಂದು ಕುಡಿದಿರೋದು ಅತ್ತೆ. ಸ್ಟೆಡಿಯಾಗಿದೀನಿ." ಅವನ ಅಂಗಿ ತೊಟ್ಟಿಕ್ಕುತ್ತಿತ್ತು.

ಇಲ್ಲಿನ ಪೊಲೀಸರು ಕುಡಿದವರನ್ನು ಒಂದು ಹೆಜ್ಜೆಗೆ ಇನ್ನೊಂದು ಹೆಜ್ಜೆ ತಾಗಿಸಿ ಗೆರೆಯ ಮೇಲೆ ನಡೆಸಿ ನೋಡುತ್ತಾರೆ ಎಂದು ಮೂರ್ತಿ ಬಾಯಿ ಬಿಟ್ಟ. ಗೆರೆ ತಾನೆ? ಸೊಂಟದ ಪುಡಿ ತೆಗೆದು, ಗರಾಜಿನ ಬಾಗಿಲಿನಿಂದ ರಸ್ತೆಯವರೆಗೆ ಸಿಮೆಂಟಿನ ಮೇಲೆ ಒಂದೇ ಎಳೆ ಎಳೆದೆ.

ಕರೆಯದಿದ್ದರೂ ದಿವಾಕರ ಮೊದಲು ಬಂದ. ಎಲ್ಲರಿಗಿಂತ ಹೆಚ್ಚು ಕುಡಿದಿದ್ದವನು ದಾರದ ಮೇಲೆ ಇರುವೆ ಹೋದಂತೆ ನಡೆದುಬಿಟ್ಟ. "ಹೀಗೆ ನಡೀಬೇಕಪ್ಪ" ಎಂದು ತೋರಿಸಲು ಹೋದ ಮೂರ್ತಿ ಕಾಲು ಉಳುಕಿಸಿಕೊಂಡು ಹೂವಿನ ಪಾತಿಗೆ ಬಿದ್ದ. ನನ್ನ ಪರೀಕ್ಷೆಯ ಮರ್ಯಾದೆ ಅಲ್ಲಿಗೇ ಹೋಯಿತು. ಕೊನೆಗೆ ಪ್ರಕಾಶ ನಿಂತ. ನಿಂತೇ ಇದ್ದ.

"ಅತ್ತೆ, ಎರಡರಲ್ಲಿ ಯಾವ ಗೆರೆ ಮೇಲೆ ನಡೀಲಿ?"

ಅವನ ಜೇಬಿಗೆ ಕೈ ಹಾಕಿ ಕೀ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿದೆ.

ಎದುರು ಮನೆಯವರಿಗೆ ಇದೆಲ್ಲ ಏನೆನಿಸಿತೋ, ಪೊಲೀಸ್ ಕಾರು ಬಂತು. ಇಳಿದವನು ಗಂಡಸರ ಕಡೆ ನೋಡಲೇ ಇಲ್ಲ. ನನ್ನ ಕೈಯಲ್ಲಿದ್ದ ಬಿಳಿ ಪುಡಿಯ ಕವರು ನೋಡಿದ, ನೆಲದ ಮೇಲಿನ ಉದ್ದನೆಯ ಬಿಳಿ ಗೆರೆ ನೋಡಿದ. ಮುಖ ಗಂಟಾಯಿತು.

"ಅಯ್ಯೋ ಅಮ್ಮ, ಅವನು ಅದನ್ನ ಡ್ರಗ್ಸು ಅಂದ್ಕೊಂಡಿದಾನೆ! ಅಲ್ಲಾಡಬೇಡಿ!" ಎಂದು ಶಾರದ ಬಾಗಿಲಿನಿಂದ ಕೂಗಿದಳು.

"ಟೆಕ್ಸಾಸಲ್ಲಿ ಇದಕ್ಕೆ..." ಎಂದು ದಿವಾಕರ ಶುರು ಮಾಡಿದ. ಎಲ್ಲರೂ ಸೇರಿ ಅವನ ಬಾಯಿ ಮುಚ್ಚಿಸಿದರು.

ಕುಡಿದವರು ಇಬ್ಬರು ಅಲ್ಲೇ ಇರುವಾಗ ಜೈಲಿಗೆ ಹೋಗುವವಳು ನಾನಾದೆನಲ್ಲ! ಬಾಣಂತನ ಮಾಡುವವರು ಯಾರು? ನನಗೆ ಇಂಗ್ಲಿಷ್ ಬರದು. ಅಲ್ಲಾಡಬೇಡಿ ಎಂದರೂ ಕುಕ್ಕರುಗಾಲಿನಲ್ಲಿ ಕೂತು, ಚುಕ್ಕಿ ಇಟ್ಟು, ಅವನ ಬೂಟಿನ ಮುಂದೆಯೇ ಒಂದು ಕಮಲ ಬಿಡಿಸಿದೆ. ಆಮೇಲೆ ಬಾಗಿಲಿನ ಕಮಲದ ಕಡೆ ಬೆರಳು ತೋರಿಸಿದೆ. ಅವನು ಅದನ್ನೂ ಇದನ್ನೂ ನೋಡಿದ. ಅಷ್ಟರಲ್ಲಿ ಸುಮ ಹೊಟ್ಟೆ ಹಿಡಿದುಕೊಂಡು ಬಂದು ನಡೆದದ್ದೆಲ್ಲ ಹೇಳಿದಳು. ಪೊಲೀಸಿನವನು ಪುಡಿಯನ್ನು ಮೂಸಿ, ಬೆರಳಿಂದ ಉಜ್ಜಿ ನೋಡಿ, ಪಾತಿಯಲ್ಲಿ ಕೂತಿದ್ದ ಮೂರ್ತಿಯನ್ನು ಕಂಡು ನಕ್ಕುಬಿಟ್ಟ.

"ಕೀ ಎಲ್ಲಿದೆ ಅಂತ ಕೇಳ್ತಿದಾನಮ್ಮ" ಎಂದಳು ಸುಮ. ಸೊಂಟದಿಂದ ಎಳೆದು ತೋರಿಸಿದೆ. ಅಲ್ಲೇ ಇರಲಿ ಎಂದು ಸನ್ನೆ ಮಾಡಿದ.

ದಿವಾಕರ ಬಿಡಬೇಕಲ್ಲ! ಇಲ್ಲಿ ಶಿಕ್ಷೆ ಎಷ್ಟು ಎಂದು ಪೊಲೀಸಿನವನನ್ನೇ ಕೇಳಿದ. ಉತ್ತರವನ್ನು ಸುಮ ನನಗೆ ಕನ್ನಡದಲ್ಲಿ ಹೇಳಿದಳು: "ಕಾರು ಹತ್ತದಿದ್ರೆ ಏನೂ ಇಲ್ವಂತೆ. ಹತ್ತಿ ನೋಡಲಿ, ಆಮೇಲೆ ಕ್ಯಾಲಿಫೋರ್ನಿಯಾದ್ದು ತೋರಿಸ್ತೀನಿ ಅಂತಿದಾನೆ."

ನಮ್ಮ ಕಾರಿನಲ್ಲಿ ನಮ್ಮನ್ನು ಮನೆಗೆ ಮುಟ್ಟಿಸಿದವಳು ಶಾರದ. ಮೂರ್ತಿಯ ಕಾಲಿಗೆ ಐಸು ಹಿಡಿಯಲು ದಿವಾಕರ ಉಳಿದ. ಶಾರದಳಿಗೆ ಲೈಸೆನ್ಸು ಬಂದು ತಿಂಗಳೂ ಆಗಿರಲಿಲ್ಲ. ಫ್ರೀವೇಯಲ್ಲಿ ಎತ್ತಿನ ಗಾಡಿಯಂತೆ ಹೋದಳು. ಹಿಂದಿನವರೆಲ್ಲ ಹಾರ್ನ್ ಬಾರಿಸಿದರು, ಲಾರಿಗಳು ಮೈಮೇಲೆ ಬಂದಂತೆ ಹಾದುಹೋದವು. ಪ್ರಕಾಶನಿಗೇ ಕೀ ಕೊಟ್ಟಿದ್ದರೆ ಬೇಗ ಸಾಯುತ್ತಿದ್ದೆವು, ಇಷ್ಟು ನಿಧಾನವಾಗಿ ಅಲ್ಲ ಎನಿಸಿತು. ಅವನು ಮಾತ್ರ ಗೊರಕೆ ಹೊಡೆಯುತ್ತಿದ್ದ. ಮನೆ ಮುಟ್ಟಿದ ಮೇಲೆ ಕೀ ಮತ್ತೆ ನನ್ನ ಸೊಂಟಕ್ಕೇ ಬಂತು; ವಾಪಸು ಹೋಗುವ ದಾರಿಯಿಲ್ಲದೆ ಶಾರದ ನಮ್ಮಲ್ಲೇ ಉಳಿದಳು.

ಪ್ರಕಾಶ ಕೆಟ್ಟವನಲ್ಲ. ಇವತ್ತಿಗೂ ವಾರಕ್ಕೊಮ್ಮೆ ಫೋನು ಮಾಡುತ್ತಾನೆ. ಆದರೆ ಒಳ್ಳೆಯವರು ಕುಡಿದರೂ ಒಂದು ಗೆರೆ ಎರಡಾಗಿಯೇ ಕಾಣುತ್ತದೆ. ಅದು ಯಾವ ಸ್ಟೇಟಿನಲ್ಲೂ ಬೇರೆಯಿಲ್ಲ.

ಮಾರನೆಯ ಬೆಳಗ್ಗೆ ಬೇಗ ಎದ್ದು, ಉಳಿದಿದ್ದ ಪುಡಿಯಲ್ಲಿ ಮನೆಯ ಬಾಗಿಲಿನಿಂದ ಕಾರಿನವರೆಗೆ ಗೆರೆ ಎಳೆದೆ. ಪ್ರಕಾಶ ಟೈ ಕಟ್ಟಿ, ಊಟದ ಡಬ್ಬಿ ಹಿಡಿದು ಹೊರಗೆ ಬಂದ. ಹಿಂದೆ ಶಾರದ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

"ಅತ್ತೆ, ಪಕ್ಕದ ಮನೆಯವರು ನೋಡ್ತಾರೆ."

"ನೋಡಲಿ. ಎಷ್ಟು ಗೆರೆ ಕಾಣುತ್ತೆ?"

"ಒಂದೇ."

"ನಡಿ ಹಾಗಾದ್ರೆ."

ಹೆಜ್ಜೆಗೆ ಹೆಜ್ಜೆ ತಾಗಿಸಿ, ಡಬ್ಬಿ ಅಲ್ಲಾಡಿಸದೆ, ಕೊನೆಯವರೆಗೂ ನಡೆದ. ಆಮೇಲೆ ಸೊಂಟದಿಂದ ಕೀ ತೆಗೆದುಕೊಟ್ಟೆ.